ಚೀಟಿ, ಗೈಡ್, ರೆಡಿಮೇಡ್ ಪ್ರಾಜೆಕ್ಟ್: ಹೈಸ್ಕೂಲಿನ ನಕಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಮೇಷ್ಟ್ರು. ಪಾಲಕರ ಸಭೆ, ಸ್ಟಾಫ್ ರೂಮು, ಬಸ್ ಸ್ಟಾಪು, ಎಲ್ಲಿ ಹೋದರೂ ಈ ಪ್ರಶ್ನೆಗಳು ಎದುರಾಗುತ್ತವೆ. ಕೆಲವು ಮಕ್ಕಳದ್ದು, ಕೆಲವು ಅಪ್ಪ ಅಮ್ಮಂದಿರದ್ದು, ಒಂದೆರಡು ನಮ್ಮ ಶಿಕ್ಷಕರದ್ದೇ. ಪ್ರತಿ ಸಲ ನಿಂತುಕೊಂಡು ಅರ್ಧ ಉತ್ತರ ಹೇಳಿ ಬರುವ ಬದಲು ಇಲ್ಲಿ ಪೂರ್ತಿ ಬರೆದಿದ್ದೇನೆ.

ನಕಲು ಅಂದರೆ ಪರೀಕ್ಷೆಯಲ್ಲಿ ಚೀಟಿ ಇಡುವುದು ತಾನೇ?

ಚೀಟಿ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಅದರದ್ದೇ ಮಾತು. ಕಣ್ಣಿಗೆ ಬೀಳದ ನಕಲೇ ಜಾಸ್ತಿ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಪಕ್ಕದವರ ಹೋಂವರ್ಕ್ ನೋಡಿ ಗೀಚುವುದು. ಅಂಗಡಿಯಿಂದ ತಂದ ಪ್ರಾಜೆಕ್ಟಿನ ಮೇಲೆ ತನ್ನ ಹೆಸರು ಬರೆಯುವುದು. ಗುಂಪಿನ ಕೆಲಸದಲ್ಲಿ ಏನೂ ಮಾಡದೆ ಹೆಸರು ಮಾತ್ರ ಸೇರಿಸಿಕೊಳ್ಳುವುದು. ಲ್ಯಾಬಿನಲ್ಲಿ ಅಳೆಯದೆ ಅಂಕಿ ತುಂಬುವುದು. ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಬೇರೆಯವರ ಕೆಲಸವನ್ನು ನನ್ನದು ಅಂತ ತೋರಿಸಿದರೆ ಅದು ನಕಲು. ಇಂಥವರದ್ದು ಅಂತ ಹೇಳಿಬಿಟ್ಟರೆ ನಕಲಲ್ಲ. (ಪರೀಕ್ಷಾ ಕೊಠಡಿ ಬಿಟ್ಟು. ಅಲ್ಲಿ ಹೇಳಿ ಬರೆದರೂ ನಕಲೇ!)

ಗೆಳೆಯನಿಗೆ ತೋರಿಸುವುದು ಸಹಾಯ ಅಲ್ವಾ ಸರ್?

ಇದನ್ನು ಕೇಳುವವರು ಸಾಮಾನ್ಯವಾಗಿ ಚೆನ್ನಾಗಿ ಓದುವ ಮಕ್ಕಳು. ಪಾಪ, ಅವರ ಕಷ್ಟ ನಿಜ. ತೋರಿಸದಿದ್ದರೆ ಬಿಡುವಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ತೋರಿಸಿದರೆ ಮೇಷ್ಟ್ರು ಬೈತಾರೆ. ನನ್ನ ಉತ್ತರ: ಪರೀಕ್ಷೆಯ ಹಿಂದಿನ ಸಂಜೆ ಎಷ್ಟು ಬೇಕಾದರೂ ಹೇಳಿಕೊಡು, ಅದೇ ಸಹಾಯ. ಪರೀಕ್ಷೆಯ ದಿನ ತೋರಿಸಿದರೆ ಅವನಿಗೆ ಆ ಲೆಕ್ಕ ಬರುವುದಿಲ್ಲ ಅನ್ನುವ ವಿಷಯ ನನಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗದಿದ್ದರೆ ನಾನು ಇನ್ನೊಮ್ಮೆ ಪಾಠ ಮಾಡುವುದಿಲ್ಲ. ಕೊನೆಗೆ ನಷ್ಟ ಅವನಿಗೇ.

ತೋರಿಸು ಅಂತ ಕಾಡುವವರಿಗೆ ಏನು ಹೇಳಬೇಕು ಅಂತಲೂ ಮಕ್ಕಳು ಕೇಳುತ್ತಾರೆ. ‘ಸರ್ ನನ್ನ ಜಾಗ ಬದಲಿಸಿದ್ದಾರೆ’ ಅನ್ನಿ, ನಾನು ನಿಜವಾಗಿಯೂ ಬದಲಿಸುತ್ತೇನೆ. ಬೈಗುಳ ನನಗೆ ಬರಲಿ.

ಮಕ್ಕಳು ಯಾಕೆ ನಕಲು ಮಾಡುತ್ತಾರೆ? ಸೋಮಾರಿತನ ಅಲ್ವಾ?

ಸೋಮಾರಿಗಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಹಿಡಿದವರಲ್ಲಿ ಹೆಚ್ಚಿನವರು ಹೆದರಿದವರು. ‘ಎಸ್‌ಎಸ್‌ಎಲ್‌ಸಿಯಲ್ಲಿ ಫೇಲಾದರೆ ಮುಗೀತು ಕಥೆ’ ಅಂತ ಎಂಟನೇ ಕ್ಲಾಸಿನಿಂದ ಕೇಳಿಸಿಕೊಂಡು ಬಂದವರು. ಈಗ ಕಥೆ ಹಾಗೆ ಮುಗಿಯುವುದಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇವೆ. ಯಾವುದರಲ್ಲಿ ಜಾಸ್ತಿ ಅಂಕ ಬಂತೋ ಅದನ್ನೇ ಉಳಿಸಿಕೊಳ್ಳಬಹುದು. ಈ ಮಾತನ್ನು ಮನೆಯಲ್ಲಿ ಒಂದು ಸಲ ಬಾಯಿಬಿಟ್ಟು ಹೇಳಿ. ‘ಫೇಲಾದರೂ ನೀನು ನಮ್ಮ ಮಗಳೇ’ ಅಂತ ಸೇರಿಸಿ. ಹತ್ತು ಚೀಟಿ ಹಿಡಿಯುವುದಕ್ಕಿಂತ ಅದರ ಪರಿಣಾಮ ಜಾಸ್ತಿ.

ಇನ್ನೊಂದು ಕಾರಣ ಹೇಳಲು ನನಗೇ ಮುಜುಗರ. ನಾವು ಕೊಡುವ ಕೆಲಸದಲ್ಲಿ ಎಷ್ಟೋ ಕೆಲಸ ನಕಲು ಮಾಡಲೆಂದೇ ಹುಟ್ಟಿದ್ದು. ಪಾಠದ ಹಿಂದಿನ ಪ್ರಶ್ನೋತ್ತರವನ್ನು ಐದು ಸಲ ಬರೆದುಕೊಂಡು ಬಾ ಅಂದರೆ ಅದರಲ್ಲಿ ಯೋಚನೆ ಮಾಡುವುದು ಏನಿದೆ? ಮಗು ಲೆಕ್ಕ ಹಾಕುತ್ತದೆ. ಯೋಚನೆ ಬೇಡದ ಕೆಲಸವನ್ನು ಯಾರ ಪುಸ್ತಕ ನೋಡಿ ಬರೆದರೆ ಏನಂತೆ?

ಗೈಡ್ ನೋಡಿ ಬರೆದರೆ ತಪ್ಪಾ?

ಗೈಡ್ ಓದುವುದು ತಪ್ಪಲ್ಲ. ಗೈಡಿನ ಉತ್ತರವನ್ನು ಹೋಂವರ್ಕಿಗೆ ಇಳಿಸುವುದು ಸಮಯ ಹಾಳು. ಸುಮ್ನೆ ಕೈನೋವು.

ಲ್ಯಾಬ್ ರೀಡಿಂಗ್ ಸ್ವಲ್ಪ ಹೊಂದಿಸಿದರೆ ಅದೇನು ಮಹಾ ತಪ್ಪು?

ಇದಕ್ಕೆ ನನ್ನದೇ ಕಥೆ ಹೇಳಬೇಕು.

ಹತ್ತನೇ ಕ್ಲಾಸಿನಲ್ಲಿ ಪೀನ ಮಸೂರದ ಸಂಗಮದೂರ ಕಂಡುಹಿಡಿಯುವ ಪ್ರಯೋಗ ಇದೆ. ಮಸೂರವನ್ನು ಕಿಟಕಿಯ ಕಡೆ ಹಿಡಿಯಬೇಕು. ದೂರದ ಮರದ ಬಿಂಬ ಬಿಳಿ ಹಾಳೆಯ ಮೇಲೆ ತಲೆಕೆಳಗಾಗಿ, ಸ್ಪಷ್ಟವಾಗಿ ಮೂಡಬೇಕು. ಆಗ ಮಸೂರಕ್ಕೂ ಹಾಳೆಗೂ ಇರುವ ದೂರ ಅಳೆಯಬೇಕು. ನೋಡಲು ಚೆಂದದ ಪ್ರಯೋಗ. ನಮ್ಮ ಲ್ಯಾಬಿನ ಮಸೂರದ ಪೆಟ್ಟಿಗೆಯ ಮೇಲೆ 10 ಸೆಂ.ಮೀ. ಅಂತ ಬರೆದಿತ್ತು. ವರ್ಷಗಟ್ಟಲೆ ಎಲ್ಲರ ರೆಕಾರ್ಡಿನಲ್ಲೂ 10 ಬರುತ್ತಿತ್ತು. 9.6 ಇಲ್ಲ, 10.3 ಇಲ್ಲ. ಬರೀ 10.

ಒಂದು ವರ್ಷ ಪೆಟ್ಟಿಗೆ ಹಾಗೇ ಇಟ್ಟು ಒಳಗೆ 15 ಸೆಂ.ಮೀ. ಮಸೂರ ಇಟ್ಟೆ. ಅರ್ಧಕ್ಕಿಂತ ಹೆಚ್ಚು ರೆಕಾರ್ಡಿನಲ್ಲಿ ಆಗಲೂ 10 ಬಂತು. ಕ್ಲಾಸಿನಲ್ಲಿ ಕೂಗಾಡಿದೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ತನ್ನ ಅಕ್ಕನ ಹಳೆಯ ರೆಕಾರ್ಡ್ ಬುಕ್ ತೋರಿಸಿದ. ಅದರಲ್ಲಿ ಅವಳು 9.7 ಅಂತ ಬರೆದಿದ್ದಳು. ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪಕ್ಕದಲ್ಲಿ 10 ಅಂತ ಬರೆದವನು ನಾನೇ. ನನ್ನದೇ ಸಹಿ.

ಅಂದರೆ ಅಳೆದಿದ್ದಕ್ಕೆ ತಪ್ಪು ಹಾಕಿ, ಪೆಟ್ಟಿಗೆ ನೋಡಿ ಬರೆದಿದ್ದಕ್ಕೆ ಸರಿ ಹಾಕಿ, ನಕಲನ್ನು ಕಲಿಸಿದ್ದು ನಾನು. (ಮೋಸ ಹಿಡಿಯಲು ಮಸೂರ ಬದಲಿಸಿ ನಾನೂ ಮೋಸ ಮಾಡಿದೆನಲ್ಲ ಅಂತ ಆಮೇಲೆ ಅನ್ನಿಸಿತು. ಅದನ್ನು ಮತ್ತೆ ಮಾಡಿಲ್ಲ.) ಈಗ ಲೇಬಲ್ ಕಿತ್ತುಹಾಕಿದ್ದೇನೆ. ಅಂಕಿಗೆ ಅಂಕ ಇಲ್ಲ. ‘ನಿನಗೆ ಯಾಕೆ ಹೀಗೆ ಬಂತು?’ ಅನ್ನುವ ಎರಡು ಸಾಲಿಗೆ ಅಂಕ. ಓಮನ ನಿಯಮದ ಗ್ರಾಫಿನಲ್ಲಿ ಒಂದು ಚುಕ್ಕಿ ಗೆರೆ ಬಿಟ್ಟು ಆಚೆ ಕೂತರೆ ಅದನ್ನು ಅಳಿಸುವ ಹಾಗಿಲ್ಲ. ‘ವೈರ್ ಸಡಿಲ ಇತ್ತು’ ಅಂತ ಬರೆದವನಿಗೆ ಪೂರ್ತಿ ಅಂಕ.

ಪ್ರಾಜೆಕ್ಟಿಗೆ ಮನೆಯವರು ಎಷ್ಟು ಸಹಾಯ ಮಾಡಬಹುದು?

ಸಾಮಾನು ತಂದುಕೊಡಿ, ಕತ್ತರಿ ಹಿಡಿಯಲು ಭಯ ಇದ್ದರೆ ಕತ್ತರಿಸಿಕೊಡಿ, ಕೇಳಿದ್ದಕ್ಕೆ ಉತ್ತರ ಹೇಳಿ. ಪೆನ್ನು ಮಾತ್ರ ನೀವು ಹಿಡಿಯಬೇಡಿ. ಥರ್ಮೋಕೋಲಿನ ಜ್ವಾಲಾಮುಖಿ ಯಾರು ಮಾಡಿದ್ದು ಅಂತ ನಮಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. 13 ವರ್ಷದ ಮಗು ಅಂಟಿಸಿದ್ದು ಸ್ವಲ್ಪ ಸೊಟ್ಟ ಇರುತ್ತದೆ. ಸೊಟ್ಟ ಇರಲಿ.

ಇಂಟರ್ನೆಟ್ ಸೆಂಟರಿನವರು ಪ್ರಿಂಟ್ ಹೊಡೆದು, ಸ್ಪೈರಲ್ ಬೈಂಡಿಂಗ್ ಮಾಡಿ ಕೊಡುವ ಪ್ರಾಜೆಕ್ಟಿನ ಮೇಲೆ ನನಗೆ ಸಿಟ್ಟಿಲ್ಲ, ಅವರದು ವ್ಯಾಪಾರ. ಅಂಥದ್ದಕ್ಕೆ 15ಕ್ಕೆ 15 ಕೊಡುವ ನಮ್ಮ ಮೇಲೆ ಸಿಟ್ಟಿದೆ.

ಹಾಗಾದರೆ ನಕಲು ಮಾಡಲಾಗದ ಪ್ರಾಜೆಕ್ಟ್ ಕೊಡುವುದು ಹೇಗೆ? (ಶಿಕ್ಷಕರ ಪ್ರಶ್ನೆ)

ಉತ್ತರ ಮಗುವಿನ ಮನೆಯಲ್ಲೋ ಬೀದಿಯಲ್ಲೋ ಮಾತ್ರ ಸಿಗುವಂಥ ಪ್ರಶ್ನೆ ಕೇಳಿ. ‘ವಿದ್ಯುತ್ತಿನ ಉಪಯೋಗಗಳು’ ಅಂತ ಕೊಟ್ಟರೆ ನಲವತ್ತು ಮಕ್ಕಳಿಂದ ಒಂದೇ ಪ್ರಬಂಧ ಬರುತ್ತದೆ. ‘ನಿಮ್ಮ ಮನೆಯ ಕಳೆದ ಮೂರು ಕರೆಂಟ್ ಬಿಲ್ ತಗೊಂಡು, ಯಾವ ತಿಂಗಳು ಯೂನಿಟ್ ಜಾಸ್ತಿ ಆಗಿದೆ, ಯಾಕೆ?’ ಅಂತ ಕೇಳಿದರೆ ನಲವತ್ತು ಬೇರೆ ಬೇರೆ ಉತ್ತರ. ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನಲ್ಲಿ ರೂಪಾಯಿ ಸೊನ್ನೆ ಇರಬಹುದು, ಯೂನಿಟ್ ಸೊನ್ನೆ ಇರುವುದಿಲ್ಲ. ಒಬ್ಬಳು ಬರೆದಿದ್ದಳು: ‘ಅಜ್ಜಿ ಊರಿಂದ ಬಂದಿದ್ದರು, ಇಡೀ ದಿನ ಟಿವಿ ಓಡಿತು.’ ಇದನ್ನು ಯಾವ ಗೈಡಿನಲ್ಲಿ ಹುಡುಕುತ್ತೀರಿ? ಅದೇ ಯೂನಿಟ್‌ಗಳನ್ನು ಗಣಿತದ ಮೇಡಂ ಸರಾಸರಿ, ಮಧ್ಯಾಂಕಕ್ಕೆ ಬಳಸಿಕೊಂಡರು.

ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಅರಿಶಿನದ ಕಾಗದ ಮಾಡಿಕೊಂಡು ಬರಲು ಹೇಳುತ್ತೇನೆ. ಸೋಪಿನ ನೀರು ತಾಗಿದರೆ ಕೆಂಪಗಾಗುತ್ತದೆ. ಮನೆಯಲ್ಲಿರುವ ಐದು ವಸ್ತು ಪರೀಕ್ಷಿಸಿ, ಆ ಕಾಗದದ ತುಂಡುಗಳನ್ನೇ ಅಂಟಿಸಿ ತರಬೇಕು. ಹಿತ್ತಲಲ್ಲಿ ದಾಸವಾಳ ಇದ್ದವರು ಅದರ ರಸ ತರಬಹುದು, ನಿಂಬೆಹುಳಿಗೆ ಗಾಢ ಗುಲಾಬಿ, ಸೋಡಾಕ್ಕೆ ಹಸಿರು. ಕನ್ನಡ ಮೇಷ್ಟ್ರು ಮಳೆ ಗಾದೆ ಕೇಳಿಕೊಂಡು ಬನ್ನಿ ಅಂತ ಕಳಿಸಿದರು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುವುದು ಎಲ್ಲರಿಗೂ ಗೊತ್ತು. ಹಾಗಾಗಿ ಗಾದೆಗೆ ಅರ್ಧ ಅಂಕ, ಅದನ್ನು ಹೇಳಿದವರು ಯಾರು, ಆ ವರ್ಷ ಭರಣಿ ಮಳೆ ಬಂತಾ ಅನ್ನುವುದಕ್ಕೆ ಉಳಿದ ಅರ್ಧ.

ಮತ್ತೆ ಒಂದು: ಪ್ರಾಜೆಕ್ಟ್ ತಂದವರ ಜೊತೆ ಎರಡು ನಿಮಿಷ ಮಾತಾಡಿ. ‘ಈ ಚಿತ್ರ ಯಾಕೆ ಹಾಕಿದೆ?’ ಸಾಕು. ತಾನೇ ಮಾಡಿದ ಮಗು ಮಾತು ನಿಲ್ಲಿಸುವುದಿಲ್ಲ.

ಚಾಟ್‌ಜಿಪಿಟಿ ಬಳಸಬಹುದಾ?

ಬಳಸಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಅಪ್ಪನ ವಾಟ್ಸಾಪಿನಲ್ಲೇ ಮೆಟಾ ಎಐ ಕೂತಿದೆ. ನಮ್ಮ ಕ್ಲಾಸಿನ ಒಪ್ಪಂದ ಹೀಗಿದೆ: ಅರ್ಥ ಆಗದ್ದನ್ನು ಕೇಳು, ಸರಿ. ‘ನನಗೆ ಐದು ಪ್ರಶ್ನೆ ಕೇಳು, ನಾನು ಉತ್ತರಿಸುತ್ತೇನೆ’ ಅನ್ನು, ಇನ್ನೂ ಸರಿ. ಪ್ರಬಂಧ ಬರೆದುಕೊಡು ಅಂತ ಕೇಳಿ ಅದನ್ನು ನನ್ನ ಮುಂದೆ ಇಡಬೇಡ. ಬಳಸಿದ್ದರೆ ಕೆಳಗೆ ‘ಇಷ್ಟು ಭಾಗಕ್ಕೆ ಎಐ ಸಹಾಯ ಪಡೆದೆ’ ಅಂತ ಒಂದು ಸಾಲು ಬರಿ. ಆ ಸಾಲಿಗೆ ಅಂಕ ಕಡಿಯುವುದಿಲ್ಲ.

ಎಐ ಹೇಳಿದ್ದೆಲ್ಲ ನಿಜ ಅಲ್ಲ ಅನ್ನುವುದನ್ನು ಮಕ್ಕಳೇ ಕಂಡುಕೊಳ್ಳಲಿ. ಅದು ಕೊಟ್ಟ ಉತ್ತರವನ್ನು ಪಠ್ಯಪುಸ್ತಕದ ಜೊತೆ ಇಟ್ಟು ತಪ್ಪು ಹುಡುಕುವ ಕೆಲಸ ಕೊಟ್ಟೆ. ಮೇಷ್ಟ್ರ ತಪ್ಪು ಹುಡುಕಿದಷ್ಟೇ ಖುಷಿಯಿಂದ ಹುಡುಕಿದರು.

ಎಐ ಬರೆದಿದ್ದು ಅಂತ ಹೇಗೆ ಪತ್ತೆ ಮಾಡುತ್ತೀರಿ? ಅದಕ್ಕೆ ಸಾಫ್ಟ್‌ವೇರ್ ಇದೆಯಲ್ಲ?

ಇದೆ. ಅದನ್ನು ನಂಬಿ ಮಗುವಿಗೆ ಶಿಕ್ಷೆ ಕೊಡಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥ ಒಂದು ಪತ್ತೆ ಸಾಧನ ಬಿಟ್ಟು, ಸರಿಯಾಗಿ ಹಿಡಿಯುವುದಿಲ್ಲ ಅಂತ 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಮಾಡಿದವರಿಗೇ ಆಗಲಿಲ್ಲ ಅಂದರೆ ನಮ್ಮ ಕಂಪ್ಯೂಟರ್ ರೂಮಿನಿಂದ ಏನಾಗುತ್ತದೆ?

ಮಗುವಿನ ಕೈಬರಹ, ಅದರ ಮಾತು, ಅದರ ಎಂದಿನ ತಪ್ಪುಗಳು ಗೊತ್ತಿದ್ದರೆ ಸಾಧನ ಬೇಕಾಗುವುದಿಲ್ಲ. ‘ನಮ್ಮೂರ ಜಾತ್ರೆ’ ಪ್ರಬಂಧದಲ್ಲಿ ಒಬ್ಬ ‘ದೇಶ ವಿದೇಶಗಳ ಪ್ರವಾಸಿಗರನ್ನು ಆಕರ್ಷಿಸುತ್ತದೆ’ ಅಂತ ಬರೆದಿದ್ದ. ಅವನ ಊರಿಗೆ ದಿನಕ್ಕೆ ಎರಡು ಬಸ್ಸು. ಇಡೀ ಕ್ಲಾಸು ನಕ್ಕಿತು, ಅವನೂ ನಕ್ಕ. ಆಮೇಲೆ ತೇರಿನ ಗಾಲಿ ಚರಂಡಿಗೆ ಇಳಿದ ಕಥೆಯನ್ನು ತಾನೇ ಬರೆದ. ಕಾಗುಣಿತ ತಪ್ಪಿತ್ತು, ಓದಲು ಮಜವಾಗಿತ್ತು.

ಹೈಸ್ಕೂಲ್ ಮಕ್ಕಳು ಎಲ್ಲಿಂದ ತೆಗೆದುಕೊಂಡೆ ಅಂತ ಬರೆಯುವುದು ಹೇಗೆ?

ಸುಲಭ. ‘ಈ ಮಾತು ಅಜ್ಜ ಹೇಳಿದ್ದು’, ‘ಈ ಚಿತ್ರ ಪಠ್ಯಪುಸ್ತಕದ ಇಂಥ ಪುಟದ್ದು’, ‘ಇದನ್ನು ಯೂಟ್ಯೂಬಿನಲ್ಲಿ ನೋಡಿದೆ’. ಇಷ್ಟು ಸಾಕು. ಅಲ್ಪವಿರಾಮ ಎಲ್ಲಿ ಹಾಕಬೇಕು ಅನ್ನುವ ತಲೆನೋವು ಕಾಲೇಜಿಗೆ ಇರಲಿ.

ವೆಬ್‌ಕಾಸ್ಟಿಂಗ್ ಬಂದ ಮೇಲೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಿದ್ದಿತು. ಅಂದರೆ ಮೊದಲು ಎಲ್ಲರೂ ಕಾಪಿ ಹೊಡೆಯುತ್ತಿದ್ದರಾ?

ಹಾಗೆ ಹೇಳಲು ಬರುವುದಿಲ್ಲ. 2023ರಲ್ಲಿ 83.89% ಮಕ್ಕಳು ಪಾಸಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಹಾಕಿ, ವೆಬ್‌ಕಾಸ್ಟಿಂಗ್ ಮೂಲಕ, ಅಂದರೆ ಆ ದೃಶ್ಯವನ್ನು ಬೇರೆ ಕಡೆ ಕೂತು ನೇರವಾಗಿ ನೋಡುತ್ತಾ, ನಿಗಾ ಇಟ್ಟರು. ಫಲಿತಾಂಶ 73.40%ಕ್ಕೆ ಇಳಿಯಿತು. ಅದೂ ಗ್ರೇಸ್ ಮಾರ್ಕ್ಸನ್ನು 10%ನಿಂದ 20%ಕ್ಕೆ ಏರಿಸಿದ ಮೇಲೆ. ಆ ಗ್ರೇಸ್ ಬಗ್ಗೆ ಗಲಾಟೆ ಆಯಿತು, ಮುಖ್ಯಮಂತ್ರಿಗಳೇ ಪ್ರಶ್ನೆ ಮಾಡಿದರು, ಮುಂದಿನ ವರ್ಷಕ್ಕೆ ಅದನ್ನು ಕೈಬಿಟ್ಟರು. ಅದೇ 2024ರಲ್ಲಿ ಉಡುಪಿ ಜಿಲ್ಲೆ 94% ತೆಗೆದು ಮೊದಲು ಬಂತು. ಅಂದರೆ ಕ್ಯಾಮೆರಾ ಕೆಳಗೂ ಚೆನ್ನಾಗಿ ಬರೆಯುವ ಮಕ್ಕಳು ಇದ್ದಾರೆ.

ಇಳಿದ ಅಂಕಿಯಲ್ಲಿ ನಕಲು ಎಷ್ಟು, ಗಾಬರಿ ಎಷ್ಟು ಅಂತ ಬೇರೆ ಮಾಡಲು ಆಗುವುದಿಲ್ಲ. ನನ್ನ ಮಟ್ಟಿಗೆ ಆ ವರ್ಷದ ಅಂಕಿ ಮಕ್ಕಳಿಗಿಂತ ದೊಡ್ಡವರ ಬಗ್ಗೆ ಜಾಸ್ತಿ ಹೇಳಿತು. ನೂರಕ್ಕೆ ನೂರು ಫಲಿತಾಂಶದ ಬ್ಯಾನರ್ ಗೇಟಿಗೆ ಕಟ್ಟಬೇಕು ಅನ್ನುವ ಆಸೆ 15 ವರ್ಷದ ಮಕ್ಕಳದ್ದಲ್ಲ.

ಕ್ಯಾಮೆರಾ, ಸ್ಕ್ವಾಡ್ ಇದ್ದರೆ ಸಾಕಲ್ವಾ?

ಬೋರ್ಡ್ ಪರೀಕ್ಷೆಗೆ ಅವು ಬೇಕು. ಸ್ಥಾನಿಕ ಜಾಗೃತ ದಳ, ಮೊಬೈಲ್ ಸ್ವಾಧೀನಾಧಿಕಾರಿ, ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಜೆರಾಕ್ಸ್ ಅಂಗಡಿ ಬಂದ್. ಎಲ್ಲಾ ಸರಿ. ಆದರೆ ನೀವು ಚಾಪೆ ಕೆಳಗೆ ತೂರಿದರೆ ಮಕ್ಕಳು ರಂಗೋಲಿ ಕೆಳಗೆ ತೂರುತ್ತಾರೆ. ಬೋರ್ಡ್ ಪರೀಕ್ಷೆ ವರ್ಷದಲ್ಲಿ ಕೆಲವೇ ದಿನ. ಉಳಿದ ದಿನಕ್ಕೆ ಏನು ಮಾಡುತ್ತೀರಿ?

ಕಾವಲಿನ ಹುಚ್ಚು ಎಲ್ಲಿಗೆ ಹೋಗಬಹುದು ಅನ್ನುವುದಕ್ಕೆ 2019ರ ಅಕ್ಟೋಬರಿನಲ್ಲಿ ಹಾವೇರಿಯ ಒಂದು ಪಿಯು ಕಾಲೇಜಿನ ಫೋಟೊ ನೆನಪಿಸಿಕೊಳ್ಳಿ. ಮಕ್ಕಳ ತಲೆಗೆ ರಟ್ಟಿನ ಡಬ್ಬ ಹಾಕಿಸಿ ಪರೀಕ್ಷೆ ಬರೆಸಿದ್ದರು. ಇಲಾಖೆ ಛೀಮಾರಿ ಹಾಕಿತು, ಕಾಲೇಜು ತಪ್ಪಾಯಿತು ಅಂದಿತು. ಆ ಡಬ್ಬದೊಳಗೆ ಕೂತ ಹುಡುಗ ನಿಯತ್ತು ಕಲಿತನಾ? ನನ್ನನ್ನು ಇವರು ಕಳ್ಳ ಅಂದುಕೊಂಡಿದ್ದಾರೆ ಅಂತ ಕಲಿತ, ಅಷ್ಟೇ.

ಪರೀಕ್ಷಾ ಕೇಂದ್ರದಲ್ಲಿ ಶಿಕ್ಷಕರೇ ಉತ್ತರ ಹೇಳಿಕೊಟ್ಟರೆ?

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ತುಂಬಾ ವರ್ಷದ ಹಿಂದೆ ಒಂದು ಕೇಂದ್ರಕ್ಕೆ ಕೊಠಡಿ ಮೇಲ್ವಿಚಾರಕನಾಗಿ ಹೋಗಿದ್ದೆ. ಕೊನೆಯ ಅರ್ಧ ಗಂಟೆಯಲ್ಲಿ ಒಬ್ಬರು ಒಳಗೆ ಬಂದು, ಒಂದು ಅಂಕದ ಪ್ರಶ್ನೆಗಳ ಉತ್ತರವನ್ನು ಮೆಲ್ಲಗೆ ಓದಿ ಹೋದರು. ನಾನು ಹೊಸಬ, ಬಾಯಿ ಬಿಡಲಿಲ್ಲ. ಬೆಲ್ ಆದ ಮೇಲೆ ಉತ್ತರ ಪತ್ರಿಕೆ ಕೊಡುತ್ತಾ ಒಬ್ಬ ಹುಡುಗಿ ಕೇಳಿದಳು: ‘ಹಾಗಾದರೆ ನಾನು ಓದಿದ್ದು ಯಾಕೆ ಸರ್?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಪುಟದಲ್ಲಿರುವ ಎಲ್ಲ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಈಗ ಆಗಿದ್ದರೆ ಮುಖ್ಯ ಅಧೀಕ್ಷಕರಿಗೆ ಬರೆದುಕೊಡುತ್ತಿದ್ದೆ. ನೀವೂ ಬರೆದೇ ಕೊಡಿ. ಬಾಯಿ ಮಾತು ಗಾಳಿಗೆ ಹೋಗುತ್ತದೆ.

ಆಂತರಿಕ ಅಂಕ 20ಕ್ಕೆ 20 ಕೊಡುವುದು ಮಕ್ಕಳಿಗೆ ಒಳ್ಳೆಯದೇ ಅಲ್ವಾ?

ಎಸ್‌ಎಸ್‌ಎಲ್‌ಸಿಯಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕಕ್ಕೆ 20. ಪ್ರಥಮ ಭಾಷೆಗೆ 100 ಮತ್ತು 25. ಎಲ್ಲರಿಗೂ ಕಣ್ಣುಮುಚ್ಚಿ 20 ಕೊಟ್ಟರೆ, ತಾನೇ ಕೂತು ಮಾಡಿದ ಮಗುವಿಗೂ ಅಂಗಡಿಯಿಂದ ತಂದ ಮಗುವಿಗೂ ಒಂದೇ ಬೆಲೆ. ಮಕ್ಕಳು ಇದನ್ನು ಒಂಬತ್ತನೇ ಕ್ಲಾಸಿನ ಮೊದಲ ಎಫ್‌ಎಯಲ್ಲೇ (ವರ್ಷದ ನಡುವೆ ಶಾಲೆಯೇ ಮಾಡುವ ಮೌಲ್ಯಮಾಪನ) ಅರ್ಥ ಮಾಡಿಕೊಳ್ಳುತ್ತಾರೆ. ಆಮೇಲೆ ನಾವು ನೀತಿಪಾಠ ಹೇಳಿದರೆ ಒಳಗೊಳಗೇ ನಗುತ್ತಾರೆ. ಉದಾರವಾಗಿ ಕೊಡಿ, ನಾನೂ ಕೊಡುತ್ತೇನೆ. ನೋಡಿ ಕೊಡಿ.

ವಾಟ್ಸಾಪಿನಲ್ಲಿ ‘ಲೀಕ್ ಆದ ಪೇಪರ್’ ಬಂದರೆ?

ಹತ್ತರಲ್ಲಿ ಒಂಬತ್ತು ಸಲ ಸುಳ್ಳು ಇರುತ್ತದೆ ಅಂದುಕೊಳ್ಳಿ. ಫಾರ್ವರ್ಡ್ ಮಾಡಬೇಡಿ, ಮುಖ್ಯಶಿಕ್ಷಕರಿಗೆ ತೋರಿಸಿ. ನಿಜ ಆಗಿದ್ದರೆ ಇನ್ನೂ ಕೆಟ್ಟದ್ದು. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿತು. ಮರುಪರೀಕ್ಷೆಯ ಪತ್ರಿಕೆಯೂ ಸೋರಿತು. ಕೊನೆಗೆ ಪರೀಕ್ಷೆ ಮುಗಿದಾಗ ಏಪ್ರಿಲ್ ಮಧ್ಯ ಆಗಿತ್ತು. ಯಾರೋ ದುಡ್ಡು ಮಾಡಿಕೊಂಡರು, ಓದಿದ ಮಕ್ಕಳು ಬಿಸಿಲಲ್ಲಿ ಬೀದಿಯಲ್ಲಿ ಕೂತು ಪ್ರತಿಭಟನೆ ಮಾಡಿದರು.

ನನ್ನ ಮಗ ಕ್ಲಾಸ್ ಟೆಸ್ಟಿನಲ್ಲಿ ಸಿಕ್ಕಿಬಿದ್ದ ಅಂತ ಶಾಲೆಯಿಂದ ಫೋನ್ ಬಂತು. ಏನು ಮಾಡಲಿ?

ಮೊದಲು ಊಟ ಹಾಕಿ. ಆಮೇಲೆ ಕೇಳಿ. ‘ಯಾಕೆ ಮಾಡಿದೆ?’ ಅಂದರೆ ಮಕ್ಕಳು ನೆಲ ನೋಡುತ್ತಾರೆ. ‘ಯಾವ ಪ್ರಶ್ನೆ ಬರಲಿಲ್ಲ?’ ಅಂತ ಕೇಳಿದರೆ ಮಾತು ಹೊರಡುತ್ತದೆ. ಶಾಲೆಗೆ ಬಂದು ‘ನಮ್ಮ ಹುಡುಗ ಹಾಗೆ ಮಾಡುವವನೇ ಅಲ್ಲ’ ಅಂತ ಜಗಳಕ್ಕೆ ನಿಲ್ಲಬೇಡಿ. ಅವನ ಎದುರೇ ಹಾಗೆ ಅಂದರೆ ಅವನಿಗೆ ನಿಜ ಹೇಳುವ ದಾರಿಯೇ ಮುಚ್ಚುತ್ತದೆ.

ನಮ್ಮ ಕಡೆಯಿಂದ ಮಾಡುವುದು: ಎಲ್ಲರ ಮುಂದೆ ನಿಲ್ಲಿಸುವುದಿಲ್ಲ, ಪ್ರಾರ್ಥನೆಯಲ್ಲಿ ಹೆಸರು ಕೂಗುವುದಿಲ್ಲ, ಹೊಡೆಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನೂ ಮನಸ್ಸು ನೋಯಿಸುವ ಶಿಕ್ಷೆಯನ್ನೂ ನಿಷೇಧಿಸಿದೆ. ಕಾಯ್ದೆ 14 ವರ್ಷದವರೆಗಿನ ಮಕ್ಕಳಿಗೆ, 15ಕ್ಕೆ ಅವಮಾನ ಕಡಿಮೆ ಆಗುತ್ತದಾ? ಆ ಟೆಸ್ಟಿನ ಅಂಕ ಹೋಗುತ್ತದೆ. ಒಂದು ವಾರದೊಳಗೆ ಅದೇ ಪಾಠದ ಮೇಲೆ ಬೇರೆ ಟೆಸ್ಟ್ ಬರೆಯಬೇಕು. ಎರಡನೇ ಸಲ ಆದರೆ ಪಾಲಕರನ್ನು ಕರೆಸುತ್ತೇವೆ. ಬೋರ್ಡ್ ಪರೀಕ್ಷೆಯಲ್ಲಾದರೆ ಇದ್ಯಾವುದೂ ನಮ್ಮ ಕೈಯಲ್ಲಿ ಇರುವುದಿಲ್ಲ, ಡಿಬಾರ್ ಆಗಬಹುದು. ಅದಕ್ಕೇ ಈಗಲೇ ಸಿಕ್ಕಿಬಿದ್ದಿದ್ದು ಒಳ್ಳೆಯದಾಯಿತು ಅಂದುಕೊಳ್ಳಿ.

ನಿಯಮ ಬರೆದು ಗೋಡೆಗೆ ಹಾಕಿದರೆ ಸಾಕಾ?

ನಾವು ಬರೆದು ಹಾಕಿದ್ದನ್ನು ಯಾರೂ ಓದಲಿಲ್ಲ. ಹೋದ ವರ್ಷ ಒಂಬತ್ತನೇ ಕ್ಲಾಸಿನವರಿಗೇ ಬರೆಯಿರಿ ಅಂದೆ. ಎರಡು ಪೀರಿಯಡ್ ಜಗಳ ಆಡಿ ಏಳು ನಿಯಮ ಮಾಡಿದರು. ‘ತಪ್ಪು ರೀಡಿಂಗ್ ಬಂದರೆ ತಪ್ಪನ್ನೇ ಬರೆಯುತ್ತೇವೆ’ ಅನ್ನುವುದು ಮೂರನೆಯದು. ಐದನೆಯದರಲ್ಲಿ ‘ಹೋಂವರ್ಕ್ ಆಗದಿದ್ದರೆ ಆಗಲಿಲ್ಲ ಅಂತ ಹೇಳುತ್ತೇವೆ, ಸರ್ ಬೈಯಬಾರದು’ ಅಂತ ಇದೆ.

ಏಳನೆಯದು ನನಗೆ: ‘ಸರ್ ಕೂಡ ಬೇರೆಯವರ ಪ್ರಶ್ನೆಪತ್ರಿಕೆಯನ್ನು ಹಾಗೇ ತಂದು ಕೊಡಬಾರದು.’ ಹಿಂದಿನ ತಿಂಗಳ ಟೆಸ್ಟನ್ನು ನಾನು ಒಂದು ವಾಟ್ಸಾಪ್ ಗುಂಪಿನಿಂದ ಎತ್ತಿ, ಶಾಲೆಯ ಹೆಸರು ಮಾತ್ರ ಬದಲಿಸಿ ಕೊಟ್ಟಿದ್ದೆ. ಅದು ಯಾರ ಕಣ್ಣಿಗೆ ಬಿತ್ತೋ ಗೊತ್ತಿಲ್ಲ. ಆ ಭಾನುವಾರ ಕೂತು ಹೊಸ ಪತ್ರಿಕೆ ಬರೆದೆ. ಮೂರು ಗಂಟೆ ಹಿಡಿಯಿತು.